ನೆಲದ ಅಂಟು, ಬಿಡದ ನಂಟು

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ಮನೆ ಮನೆಯಲ್ಲೂ ಎರಡು ಕೆಲಸ. ಒಂದು ಹಪ್ಪಳ ಸಂಡಿಗೆ, ಇನ್ನೊಂದು ಮನೆ ರಿಪೇರಿ. ಮಕ್ಕಳಿಗೆ ಶಾಲೆಯಿಲ್ಲ, ಮಳೆಗಾಲ ಇನ್ನೂ ದೂರ, ಬಳಿದ ಬಣ್ಣ ಬೇಗ ಒಣಗುತ್ತದೆ. ಹಾಲಿನ ನೆಲಕ್ಕೆ ಹತ್ತು ಹದಿನೈದು ವರ್ಷಗಳ ಹಿಂದೆ ಅಂಟಿಸಿದ್ದ ವಿನೈಲ್ ಹಾಸು ಅಂಚಿನಲ್ಲಿ ಮೇಲೆದ್ದು ಕಾಲಿಗೆ ತೊಡರುತ್ತಿರುತ್ತದೆ. ಅದನ್ನು ಕಿತ್ತು ಹೊಸದು ಹಾಕಿಸುವುದೆಂದು ತೀರ್ಮಾನವಾಗುತ್ತದೆ. ಕೀಳುವುದೇನೋ ಅರ್ಧ ಗಂಟೆಯ ಕೆಲಸ. ಒಂದು ಮೂಲೆ ಹಿಡಿದು ಎಳೆದರೆ ಚರ್ರೆಂದು ಎದ್ದು ಬರುತ್ತದೆ, ಮಕ್ಕಳಿಗೂ ಮೋಜು. ಆದರೆ ಹಾಸಿನ ಕೆಳಗೆ ಹಲ್ಲಿನ ಕರಣೆ ಎಳೆದ ಗೆರೆಗಳ ಸಮೇತ ಹಳೆಯ ಅಂಟು ಹಾಗೆಯೇ ಕುಳಿತಿರುತ್ತದೆ. ಕಾಲಿಟ್ಟರೆ ಒಂದು ಕಡೆ ಜಿಗುಟು, ಇನ್ನೊಂದು ಕಡೆ ಕಲ್ಲಿನಷ್ಟು ಗಟ್ಟಿ. ಕೂದಲು, ಧೂಳು, ಪೊರಕೆಯ ಕಡ್ಡಿ ಎಲ್ಲವೂ ಅದಕ್ಕೆ ಮೆತ್ತಿಕೊಳ್ಳುತ್ತವೆ.

ಇದರ ಮೇಲೆಯೇ ಹೊಸದನ್ನು ಅಂಟಿಸಿಬಿಟ್ಟರೆ ಆಗದೆ ಎಂದು ಕೇಳುವವರೇ ಹೆಚ್ಚು. ಆಗುತ್ತದೆ, ಆರು ತಿಂಗಳ ಮಟ್ಟಿಗೆ. ಹೊಸ ಅಂಟು ಹಿಡಿದುಕೊಳ್ಳುವುದು ನೆಲವನ್ನಲ್ಲ, ಹಳೆಯ ಅಂಟನ್ನು. ಹಳೆಯ ಅಂಟು ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಹೊಸ ಹಾಸು ಕೂಡ ಅದರ ಜತೆಯಲ್ಲೇ ಎದ್ದು ಬರುತ್ತದೆ. ಹಾಸು ತೆಳುವಾಗಿದ್ದರೆ ಕೆಳಗಿನ ಗೆರೆ, ಗಂಟುಗಳೆಲ್ಲ ಕೆಲವೇ ವಾರಗಳಲ್ಲಿ ಮೇಲೆ ಮೂಡುತ್ತವೆ. ಡಾಮರು ಬೆರೆತ ಕಪ್ಪು ಅಂಟಾದರಂತೂ ಅದರಲ್ಲಿನ ಎಣ್ಣೆಯಂಥ ಅಂಶ ನಿಧಾನವಾಗಿ ವಿನೈಲಿಗೆ ಏರಿ ಹಳದಿ, ಕಂದು ಕಲೆಗಳಾಗುತ್ತವೆ. ಸಿಮೆಂಟ್ ಗಾರೆ ಹಾಕಿ ಟೈಲ್ಸ್ ಕೂರಿಸುವವರಿಗೂ ಇದೇ ತೊಂದರೆ. ಸಿಮೆಂಟು ಹಿಡಿಯಬೇಕಾದರೆ ನೆಲ ಸ್ವಲ್ಪ ನೀರು ಕುಡಿಯಬೇಕು. ಅಂಟಿನ ಪೊರೆ ಆ ನೀರನ್ನು ಕುಡಿಯಲು ಬಿಡುವುದಿಲ್ಲ.

ಹಾಗಾಗಿ ತೆಗೆಯಲೇಬೇಕು. ಅಪಾಯ ಆರಂಭವಾಗುವುದೂ ಇಲ್ಲಿಯೇ. ಅಂಟು ತಾನಾಗಿ ಯಾರಿಗೂ ಕೇಡು ಮಾಡುತ್ತಿರಲಿಲ್ಲ. ಅದನ್ನು ತೆಗೆಯಲು ಹೊರಟವರು ಪೆಟ್ರೋಲ್ ಸುರಿಯುತ್ತಾರೆ, ಆಸಿಡ್ ಸುರಿಯುತ್ತಾರೆ, ಇಲ್ಲವೇ ಗ್ರೈಂಡರ್ ಹಿಡಿದು ಮನೆ ತುಂಬ ಧೂಳೆಬ್ಬಿಸುತ್ತಾರೆ. ಮೂರೂ ಸಲ ಮಕ್ಕಳು ಪಕ್ಕದ ಕೋಣೆಯಲ್ಲೇ ಇರುತ್ತಾರೆ, ರಜೆಯಲ್ಲವೇ! ಯಾವ ಅಂಟು ಎಂದು ತಿಳಿಯದೆ ಕೈ ಹಾಕುವುದೇ ಈ ಎಲ್ಲ ಅನಾಹುತಗಳ ಮೂಲ. ತಿಳಿಯುವುದು ಕಷ್ಟವೂ ಅಲ್ಲ. ಒಂಬತ್ತು, ಹತ್ತನೇ ತರಗತಿಯ ರಸಾಯನ ವಿಜ್ಞಾನ ಸಾಕು.

ಮೊದಲು, ಅಂಟು ಎಂದರೇನು? ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಮುತ್ತಿನಂತೆ ಉರುಳಿ ಹೋಗುತ್ತದೆ. ಅದೇ ನೀರು ಗಾಜಿನ ಮೇಲೆ ಹರಡಿ ಅಂಟಿಕೊಳ್ಳುತ್ತದೆ. ಒದ್ದೆಯಾದ ಎರಡು ಗಾಜುಗಳನ್ನು ಒಂದರ ಮೇಲೊಂದಿಟ್ಟು ಎತ್ತಿ ನೋಡಿ, ಬಿಡಿಸುವುದು ಕಷ್ಟ. ಎರಡು ವಸ್ತುಗಳ ಅಣುಗಳು ತೀರ ಹತ್ತಿರ ಬಂದಾಗ ಒಂದನ್ನೊಂದು ಸೆಳೆಯುತ್ತವೆ. ಎರಡು ಗಟ್ಟಿ ವಸ್ತುಗಳನ್ನು ಒತ್ತಿಟ್ಟರೆ ಅಷ್ಟು ಹತ್ತಿರ ಬರುವುದಿಲ್ಲ. ನಯವಾಗಿ ಕಾಣುವ ನೆಲ ಕೂಡ ಸೂಕ್ಷ್ಮದರ್ಶಕದಲ್ಲಿ ಗುಡ್ಡ ಕಣಿವೆಗಳ ಸೀಮೆ. ಗುಡ್ಡದ ತುದಿಗಳಷ್ಟೇ ಒಂದಕ್ಕೊಂದು ತಾಗುತ್ತವೆ. ದ್ರವವಾದರೆ ಕಣಿವೆಗಳಿಗೂ ಇಳಿಯುತ್ತದೆ. ಹೀಗೆ ದ್ರವವಾಗಿ ಇಳಿದು, ಆಮೇಲೆ ಅಲ್ಲೇ ಗಟ್ಟಿಯಾಗುವ ವಸ್ತುವೇ ಅಂಟು.

ದ್ರವ ಗಟ್ಟಿಯಾಗುವುದಕ್ಕೆ ಇರುವ ದಾರಿಗಳು ನಾಲ್ಕೇ ನಾಲ್ಕು. ನೀರು ಆರಿ ಗಟ್ಟಿಯಾಗುವುದು ಒಂದು. ಮೈದಾ ಸರಿ, ಬಡಗಿಗಳು ಬಳಸುವ ಬಿಳಿ ಅಂಟು, ಕಾರ್ಪೆಟ್ ಹಾಸಲು ಬಳಸುವ ಅಕ್ರಿಲಿಕ್ ಅಂಟು ಇವೆಲ್ಲ ಈ ಗುಂಪು. ನೀರಿನ ಬದಲು ಬೇರೊಂದು ದ್ರಾವಕ ಆರಿ ಗಟ್ಟಿಯಾಗುವುದು ಎರಡನೆಯದು. ಚಪ್ಪಲಿ ಹೊಲಿಯುವವರ ಹಳದಿ ರಬ್ಬರ್ ಅಂಟು, ಮೇಜಿಗೆ ಸನ್‌ಮೈಕ ಅಂಟಿಸುವ ಅಂಟು ಇಂಥವು. ತೆರೆದ ತಕ್ಷಣ ಮೂಗಿಗೆ ಬಡಿಯುವ ವಾಸನೆ ಆ ದ್ರಾವಕದ್ದು. ಬಿಸಿಯಾಗಿ ಕರಗಿದ್ದು ತಣ್ಣಗಾಗಿ ಗಟ್ಟಿಯಾಗುವುದು ಮೂರನೆಯದು. ಅರಗು ಮತ್ತು ಡಾಮರು ಇದಕ್ಕೆ ಉದಾಹರಣೆ. ಎರಡು ಟ್ಯೂಬುಗಳಿಂದ ಹಿಂಡಿ ಕಲಸುವ ಎಪಾಕ್ಸಿಯಂಥವು ನಾಲ್ಕನೆಯ ಗುಂಪು. ಇಲ್ಲಿ ಏನೂ ಆರುವುದಿಲ್ಲ, ರಾಸಾಯನಿಕ ಕ್ರಿಯೆ ನಡೆದು ಹೊಸ ವಸ್ತುವೇ ಹುಟ್ಟುತ್ತದೆ.

'ಬಂದ ದಾರಿಗೆ ಸುಂಕವಿಲ್ಲ' ಎಂಬ ಗಾದೆಯನ್ನು ನಾವು ಕೆಲಸವಾಗದೆ ಬರಿಗೈಯಲ್ಲಿ ಹಿಂದಿರುಗಿದವರಿಗೆ ಹೇಳುತ್ತೇವೆ. ಅಂಟಿನ ವಿಷಯದಲ್ಲಿ ಮಾತ್ರ ಅದು ಒಳ್ಳೆಯ ಸಲಹೆ. ಯಾವ ದಾರಿಯಲ್ಲಿ ಗಟ್ಟಿಯಾಯಿತೋ ಅದೇ ದಾರಿಯಲ್ಲಿ ಹಿಂದಕ್ಕೆ ಕಳುಹಿಸುವುದು ಸುಲಭ. ನೀರಿನಿಂದ ಬಂದದ್ದಕ್ಕೆ ಬಿಸಿನೀರು, ದ್ರಾವಕದಿಂದ ಬಂದದ್ದಕ್ಕೆ ಅದೇ ಜಾತಿಯ ದ್ರಾವಕ, ತಣ್ಣಗಾಗಿ ಗಟ್ಟಿಯಾದದ್ದಕ್ಕೆ ಶಾಖ. ನಾಲ್ಕನೆಯದಕ್ಕೆ ಮಾತ್ರ ಹಿಂದಿರುಗುವ ದಾರಿ ಇಲ್ಲ. ಬೆಂದ ಅನ್ನ ಮತ್ತೆ ಅಕ್ಕಿಯಾಗುವುದುಂಟೇ? ಅದನ್ನು ಹೆರೆದೇ ತೆಗೆಯಬೇಕು.

ಇದರಲ್ಲಿ ಹೊಸದೇನೂ ಇಲ್ಲ, ಹಲಸಿನ ಹಣ್ಣು ಬಿಡಿಸುವ ಅಜ್ಜಿಯರಿಗೆಲ್ಲ ಗೊತ್ತಿರುವ ವಿಷಯವೇ. ಹಲಸಿನ ಮೇಣ ಕೈಗೆ ಹತ್ತಿದರೆ ಎಷ್ಟು ನೀರು ಸುರಿದರೂ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ ತಿಕ್ಕಿದರೆ ಬಿಟ್ಟುಕೊಳ್ಳುತ್ತದೆ. ಕತ್ತಿಗೂ ಕೈಗೂ ಮೊದಲೇ ಎಣ್ಣೆ ಹಚ್ಚಿಕೊಂಡು ಕೂರುವ ಜಾಣತನ ಅಲ್ಲಿಂದಲೇ ಬಂದದ್ದು. ನೀರಿನ ಅಣುವಿಗೆ ವಿದ್ಯುತ್ತಿನ ಎರಡು ಧ್ರುವಗಳಿವೆ, ಎಣ್ಣೆಗೂ ಮೇಣಕ್ಕೂ ಇಲ್ಲ. ಒಂದೇ ಜಾತಿಯವು ಒಂದರಲ್ಲೊಂದು ಕರಗುತ್ತವೆ. ಪಾಠದ ಪುಸ್ತಕದಲ್ಲಿ 'ಸಮಾನವು ಸಮಾನವನ್ನು ಕರಗಿಸುತ್ತದೆ' ಎಂದು ಬರೆದಿರುವ ಸಾಲಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇರೆ ಬೇಕಿಲ್ಲ.

ಇನ್ನು ನಿಮ್ಮ ನೆಲದ ಮೇಲಿರುವುದು ಯಾವುದೆಂದು ತಿಳಿಯುವುದು ಹೇಗೆ? ಮೊದಲು ಬಣ್ಣ ನೋಡಬೇಕು. ಕಪ್ಪಗಿದ್ದರೆ ಅಲ್ಲಿಗೇ ನಿಲ್ಲಿಸಿ. ಅದರ ಕಥೆ ಮುಂದಿದೆ. ಬಿಳಿ, ಕೆನೆ ಅಥವಾ ಹಳದಿಯಾಗಿದ್ದರೆ ಮೂಲೆಯಲ್ಲಿ ಅಂಗೈ ಅಗಲದ ಜಾಗದ ಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹಾಕಿ ಅರ್ಧ ಗಂಟೆ ಬಿಡಬೇಕು. ಅಂಟು ಹಾಲಿನಂತೆ ಬೆಳ್ಳಗಾಗಿ ಉಗುರಿಗೆ ಮೆತ್ತಗೆ ಸಿಕ್ಕಿದರೆ ಅದು ನೀರಿನ ಗುಂಪಿನದು. ನಿಮ್ಮ ಅದೃಷ್ಟ ಚೆನ್ನಾಗಿದೆ. ಬೆಳ್ಳಗಾಗದೆ, ಬೆರಳಿನಿಂದ ತಿಕ್ಕಿದಾಗ ರಬ್ಬರಿನಂತೆ ಹಿಗ್ಗಿ ಉಂಡೆ ಉಂಡೆಯಾಗಿ ಸುತ್ತಿಕೊಂಡರೆ ಅದು ರಬ್ಬರ್ ಅಂಟು. ನೀರಿಗೂ ಜಗ್ಗದೆ, ಉಗುರಿಗೂ ಜಗ್ಗದೆ, ಗಾಜಿನಂತೆ ಗಟ್ಟಿಯಾಗಿದ್ದರೆ ನಾಲ್ಕನೆಯ ಗುಂಪಿನದಿರಬೇಕು. ಈ ಪರೀಕ್ಷೆಯನ್ನು ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಮಕ್ಕಳೇ ಮಾಡಬಹುದು. ಮುಂದಿನದನ್ನು ಮಾತ್ರ ಮಕ್ಕಳಿಗೆ ಬಿಡಬಾರದು.

ನೀರಿನ ಗುಂಪಿನದಾದರೆ ಕೆಲಸ ಬೇಸರದ್ದೇ ಹೊರತು ಕಷ್ಟದ್ದಲ್ಲ. ಹಳೆಯ ಟವೆಲ್ಲುಗಳನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಎರಡು ಅಡಿ ಚೌಕದಷ್ಟು ಜಾಗಕ್ಕೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ನೆನೆಯಲು ಬಿಡುವುದು. ಆಮೇಲೆ ಅಗಲವಾದ ಪುಟ್ಟಿ ಬ್ಲೇಡನ್ನು ನೆಲಕ್ಕೆ ಆದಷ್ಟು ಓರೆಯಾಗಿ ಹಿಡಿದು ತಳ್ಳುವುದು. ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆದರೆ ನೆಲಕ್ಕೆ ಗೀರು ಬೀಳುತ್ತದೆ, ಅಂಟು ಬರುವುದಿಲ್ಲ. ಒಂದು ಚೌಕ ಹೆರೆಯುತ್ತಿರುವಾಗ ಮುಂದಿನ ಚೌಕ ನೆನೆಯುತ್ತಿರಲಿ. ಬ್ಲೇಡ್ ಮೊಂಡಾದರೆ ಬದಲಿಸಬೇಕು. ಈ ಒಂದು ವಿಷಯದಲ್ಲಿ ಜಿಪುಣತನ ತೋರಿಸುವವರೇ ಕೊನೆಗೆ ಬೇಸತ್ತು ಪೆಟ್ರೋಲ್ ಕ್ಯಾನಿನ ಕಡೆ ನೋಡುವುದು.

ಪೆಟ್ರೋಲಿನ ವಿಷಯ ಬಂತಲ್ಲ, ಒಂದು ಲೆಕ್ಕ ಮಾಡೋಣ. ರಬ್ಬರ್ ಅಂಟುಗಳಲ್ಲಿ ಮತ್ತು ಥಿನ್ನರ್‌ಗಳಲ್ಲಿ ಸಾಮಾನ್ಯವಾಗಿ ಇರುವ ಟಾಲೀನ್ ಎಂಬ ದ್ರಾವಕದ ಒಂದು ಅಣುವಿನಲ್ಲಿ 7 ಕಾರ್ಬನ್, 8 ಹೈಡ್ರೋಜನ್. ಅಣುತೂಕ 7×12+8, ಅಂದರೆ 92. ಗಾಳಿಯ ಸರಾಸರಿ ಅಣುತೂಕ ಸುಮಾರು 29. ಅಲ್ಲಿಗೆ ಟಾಲೀನ್ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಪೆಟ್ರೋಲಿನ ಆವಿಯೂ ಹೀಗೆಯೇ. ಅದು ಹೊಗೆಯಂತೆ ಮೇಲೇರಿ ಕಿಟಕಿಯಿಂದ ಹೊರಗೆ ಹೋಗುವುದಿಲ್ಲ. ಕಣ್ಣಿಗೆ ಕಾಣದ ನೀರಿನಂತೆ ನೆಲದ ಮೇಲೆಯೇ ಹರಿದು ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ನುಗ್ಗುತ್ತದೆ. ಅಲ್ಲಿ ಅಡುಗೆ ಮನೆಯ ಒಲೆ ಉರಿಯುತ್ತಿರಬಹುದು, ದೇವರ ಮುಂದೆ ದೀಪ ಇರಬಹುದು, ಫ್ರಿಜ್ಜು ತಾನಾಗಿ ಚಾಲೂ ಆಗಿ ಒಂದು ಸಣ್ಣ ಕಿಡಿ ಹಾರಬಹುದು. ಟಾಲೀನ್ ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕೊಡುತ್ತದೆ. ನಮ್ಮ ಮನೆಗಳೊಳಗೆ ಅಷ್ಟು ತಂಪು ಯಾವತ್ತೂ ಇರುವುದಿಲ್ಲ. ಅಂದರೆ ವರ್ಷದ 365 ದಿನವೂ ಅದು ಬೆಂಕಿಗೆ ಸಿದ್ಧ. ಬೆಂಕಿ ದೀಪದ ಬಳಿ ಹೊತ್ತಿ, ಆವಿಯ ಜಾಡು ಹಿಡಿದು, ಮೊಣಕಾಲೂರಿ ಕೂತು ನೆಲ ಒರೆಸುತ್ತಿರುವವರ ಬಳಿಗೆ ಹಿಂದಿರುಗಿ ಬರುತ್ತದೆ.

ಬೆಂಕಿ ಹೊತ್ತದಿದ್ದರೂ ಉಸಿರಾಟದ ಅಪಾಯ ಉಂಟು. ಕೆಲವು ಅಂಟುಗಳಲ್ಲಿ ಬಳಸುವ ಹೆಕ್ಸೇನ್ ಎಂಬ ದ್ರಾವಕ ನರಗಳನ್ನು ಕೆಡಿಸುತ್ತದೆಂದು ಲೋಕಕ್ಕೆ ಗೊತ್ತಾದದ್ದು ಜಪಾನ್ ಮತ್ತು ಇಟಲಿಯಲ್ಲಿ ಪಾದರಕ್ಷೆ ಅಂಟಿಸುತ್ತಿದ್ದ ಕೆಲಸಗಾರರಿಂದ. ತಿಂಗಳುಗಟ್ಟಲೆ ಮುಚ್ಚಿದ ಕೋಣೆಗಳಲ್ಲಿ ಆವಿ ಕುಡಿದು ಅವರ ಕೈಕಾಲುಗಳು ಜೋಮು ಹಿಡಿದು ನಿಶ್ಶಕ್ತವಾದವು. ಇನ್ನೊಂದು ದ್ರಾವಕ ಇದೆ, ಮೆಥಿಲೀನ್ ಕ್ಲೋರೈಡ್. ಬಣ್ಣ, ಅಂಟು ಎರಡನ್ನೂ ನಿಮಿಷಗಳಲ್ಲಿ ಸಡಿಲಿಸುವ ಇದಕ್ಕೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಆದ್ದರಿಂದ ಬಹುಕಾಲ ಇದನ್ನು ಸುರಕ್ಷಿತವೆಂದೇ ಭಾವಿಸಿದ್ದರು. ಆದರೆ ದೇಹದೊಳಗೆ ಹೋದ ಮೆಥಿಲೀನ್ ಕ್ಲೋರೈಡ್ ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಕಾರಿನ ಹೊಗೆ ಕುಡಿದವರನ್ನು ಕೊಲ್ಲುವುದು ಇದೇ ಅನಿಲ. ಅಮೆರಿಕದಲ್ಲಿ 2000ದಿಂದ 2011ರ ನಡುವೆ ಸ್ನಾನದ ತೊಟ್ಟಿಗಳ ಹಳೆಯ ಲೇಪ ತೆಗೆಯುತ್ತಿದ್ದ 13 ಕೆಲಸಗಾರರು ಇದರ ಆವಿಯಿಂದ ಸತ್ತದ್ದು ದಾಖಲಾಯಿತು. ಎಲ್ಲರೂ ಸಣ್ಣ ಸ್ನಾನದ ಮನೆಯಲ್ಲಿ ತೊಟ್ಟಿಯೊಳಗೆ ಬಗ್ಗಿ ಕೆಲಸ ಮಾಡುತ್ತಿದ್ದವರು. ಇದರ ಆವಿಯೂ ಗಾಳಿಗಿಂತ ಭಾರವೇ. ಅಲ್ಲಿನ ಸರ್ಕಾರ 2019ರಲ್ಲಿ ಬಣ್ಣ ತೆಗೆಯುವ ಉದ್ದೇಶಕ್ಕೆ ಇದನ್ನು ಜನಸಾಮಾನ್ಯರಿಗೆ ಮಾರುವುದನ್ನು ನಿಷೇಧಿಸಿತು. 2024ರಲ್ಲಿ ನಿಷೇಧವನ್ನು ಇನ್ನೂ ಬಹುತೇಕ ಬಳಕೆಗಳಿಗೆ ವಿಸ್ತರಿಸಿತು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ 'ಪೇಂಟ್ ರಿಮೂವರ್' ಕೇಳುವ ಮುನ್ನ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದುವುದು ಒಳ್ಳೆಯದು. ಡೈಕ್ಲೋರೋಮೀಥೇನ್ ಎಂಬ ಹೆಸರೂ ಇದರದ್ದೇ.

ಹಾಗಾದರೆ ರಬ್ಬರ್ ಅಂಟಿಗೆ ಏನು ಮಾಡಬೇಕು? ಮೊದಲು ಶಾಖ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಸಾಕು, ಅಂಟು ಮೆತ್ತಗಾಗುತ್ತದೆ. ಬ್ಲೇಡಿನಿಂದ ಮುಕ್ಕಾಲು ಪಾಲು ಹೀಗೆಯೇ ತೆಗೆಯಬಹುದು. ಉಳಿದ ಪೊರೆಗೆ ಮಾತ್ರ ಟರ್ಪೆಂಟೈನ್‌ನಂಥ ನಿಧಾನವಾಗಿ ಆರುವ ದ್ರಾವಕವನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು; ನೆಲಕ್ಕೆ ಸುರಿಯಬಾರದು. ಶಾಖ ಮತ್ತು ದ್ರಾವಕ ಒಂದೇ ದಿನ ಒಂದೇ ಕೋಣೆಯಲ್ಲಿ ಬೇಡ. ಎದುರು ಬದುರು ಕಿಟಕಿಗಳು ತೆರೆದಿರಬೇಕು, ಒಲೆ ದೀಪಗಳು ಆರಿರಬೇಕು, ಮಕ್ಕಳು ಅಜ್ಜಿಯ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರಬೇಕು. ಹಳೆಯ ರಬ್ಬರ್ ಅಂಟು ವರ್ಷಗಳು ಕಳೆದಂತೆ ಒಳಗೊಳಗೇ ಬಿಗಿದುಕೊಂಡಿರುತ್ತದೆ. ಆಗ ಅದು ಕರಗುವುದಿಲ್ಲ, ಉಬ್ಬುತ್ತದೆ ಅಷ್ಟೆ. ಉಬ್ಬಿದರೂ ಸಾಕು, ಬ್ಲೇಡಿಗೆ ಸಿಗುತ್ತದೆ.

ಆಸಿಡ್ ಮೋಹದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಬಚ್ಚಲು ತೊಳೆಯುವ ಆಸಿಡ್ ಎಲ್ಲ ಕೊಳೆಗೂ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಅಂಟಿಕೊಂಡಿದೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ರಬ್ಬರನ್ನೂ ಅಕ್ರಿಲಿಕ್ಕನ್ನೂ ಅದು ಕರಗಿಸುವುದಿಲ್ಲ. ಅದು ಕರಗಿಸುವುದು ಸುಣ್ಣವನ್ನು. ಮೊಸಾಯಿಕ್ ನೆಲದ ಅಮೃತಶಿಲೆ ಚೂರುಗಳು ಸುಣ್ಣದ ಕಲ್ಲೇ. ಆಸಿಡ್ ಬಿದ್ದ ಕೂಡಲೇ ಬುಸುಗುಟ್ಟಿ ನೊರೆ ಬರುತ್ತದೆ. ಅಂಟು ಕರಗುತ್ತಿದೆ ಎಂದು ಖುಷಿಪಡುವ ಹೊತ್ತಿಗೆ ಕರಗುತ್ತಿರುವುದು ನೆಲ. ಹಳೆಯ ಮನೆಗಳ ಕಾವಿ ನೆಲದ ಗತಿಯೂ ಅಷ್ಟೇ. ಎಷ್ಟೋ ವರ್ಷಗಳ ಓಡಾಟದಿಂದ, ಎಣ್ಣೆ ಕೈ ಸವರಿ ಒರೆಸಿದ್ದರಿಂದ ಬಂದ ಆ ಹೊಳಪು ಐದು ನಿಮಿಷದಲ್ಲಿ ಮಂಕಾಗುತ್ತದೆ, ಮತ್ತೆ ಬರುವುದಿಲ್ಲ. ಆಸಿಡ್ ಸಾಲದೆಂದು ಬ್ಲೀಚಿಂಗ್ ಪೌಡರ್ ಉದುರಿಸುವವರೂ ಇದ್ದಾರೆ. ಇವೆರಡೂ ಸೇರಿದರೆ ಹೊರಬರುವುದು ಕ್ಲೋರಿನ್, ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ.

ಈಗ ಕಪ್ಪು ಅಂಟಿನ ಕಥೆ. ಇದು ಹೆಚ್ಚಾಗಿ ಸಿಗುವುದು ಅಮೆರಿಕದ ಹಳೆಯ ಮನೆಗಳಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಲಕ್ಷಾಂತರ ಮನೆಗಳು ಒಮ್ಮೆಲೇ ಎದ್ದವು. ಕಾಂಕ್ರೀಟ್ ನೆಲದ ಮೇಲೆ 9 ಅಂಗುಲ ಚೌಕದ ಬಿಲ್ಲೆಗಳನ್ನು ಡಾಮರಿನ ಅಂಟು ಸವರಿ ಕೂರಿಸುವುದು ಆ ಕಾಲದ ಅಗ್ಗದ ದಾರಿ. ಬಿಲ್ಲೆಗೂ ಅಂಟಿಗೂ ಗಟ್ಟಿತನ ಬರಲೆಂದು ಕಲ್ನಾರು ಬೆರೆಸುತ್ತಿದ್ದರು. ಕಲ್ನಾರು ಎಂದರೆ ಆಸ್ಬೆಸ್ಟಾಸ್. ಕಲ್ಲೇ ಆದರೂ ನಾರಿನಂತೆ ಬಿಡಿಸಬಹುದಾದ ಖನಿಜ. ಬೆಂಕಿಗೆ ಸುಡದು, ನೀರಿಗೆ ಕೊಳೆಯದು. ನಮ್ಮ ಭಾಷೆಯ ಹೆಸರೇ ಅದರ ಸ್ವಭಾವವನ್ನೆಲ್ಲ ಹೇಳಿಬಿಡುತ್ತದೆ. 1980ರ ದಶಕದವರೆಗೂ ಇಂಥ ಅಂಟುಗಳು ಅಲ್ಲಿ ಬಳಕೆಯಲ್ಲಿದ್ದವು. ಅಲ್ಲಿ ನೆಲೆಸಿ, 1950–60ರ ದಶಕದ ಮನೆ ಕೊಂಡಿರುವ ನಮ್ಮ ಊರುಗಳ ಮಕ್ಕಳು ನೆಲಮಾಳಿಗೆಯ ಕಾರ್ಪೆಟ್ ಎತ್ತಿದಾಗ ಈ ಕಪ್ಪು ಪೊರೆ ಎದುರಾಗುವುದುಂಟು.

ಅದು ಅಮೆರಿಕದ ಮಾತು, ನಮಗೇಕೆ ಎನ್ನುವಂತಿಲ್ಲ. ಪಿವಿಸಿ-ಕಲ್ನಾರು ನೆಲಬಿಲ್ಲೆಗಳು ಹೇಗಿರಬೇಕೆಂದು ಹೇಳುವ ಭಾರತೀಯ ಮಾನಕವೇ ಇತ್ತು. ಅದರ ಸಂಖ್ಯೆ ಐಎಸ್ 3461. ಮಾನಕ ಮಾಡಿದ್ದು ಬಿಲ್ಲೆಗಳು ಬಳಕೆಯಲ್ಲಿದ್ದವು ಎಂಬ ಕಾರಣಕ್ಕೇ. ಹಳೆಯ ಕಚೇರಿ, ಆಸ್ಪತ್ರೆ, ಕ್ವಾರ್ಟರ್ಸ್‌ಗಳ ನೆಲ ಕೀಳುವಾಗ ಗಟ್ಟಿಯಾಗಿ ಪಟಪಟನೆ ಮುರಿಯುವ ಬಿಲ್ಲೆ, ಅದರ ಕೆಳಗೆ ಕಪ್ಪು ಅಂಟು ಕಂಡರೆ ಅನುಮಾನಪಡುವುದೇ ಸರಿ.

ಕಲ್ನಾರು ಡಾಮರಿನಲ್ಲಿ ಹೂತಿರುವಷ್ಟು ಕಾಲ ಅಲ್ಲಿಯೇ ಇರುತ್ತದೆ. ಒಣ ಅಂಟನ್ನು ಕೆರೆದಾಗ, ಉಪ್ಪು ಕಾಗದದಿಂದ ತಿಕ್ಕಿದಾಗ, ಗ್ರೈಂಡರ್ ಹಾಕಿದಾಗ ಎಳೆಗಳು ಗಾಳಿಗೆ ಬರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು. ಒಮ್ಮೆ ಎದ್ದರೆ ಗಂಟೆಗಟ್ಟಲೆ ತೇಲುತ್ತವೆ. ಶ್ವಾಸಕೋಶದ ಆಳಕ್ಕೆ ಹೋದವು ಹೊರಗೆ ಬರುವುದಿಲ್ಲ, ದೇಹ ಅವನ್ನು ಕರಗಿಸಿಕೊಳ್ಳುವುದೂ ಇಲ್ಲ. ಅವು ತರುವ ಕ್ಯಾನ್ಸರುಗಳು ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕು. ಇದೇ ಪಾಲಕರು ಗಮನಿಸಬೇಕಾದ ಲೆಕ್ಕ. ಅರವತ್ತು ದಾಟಿದ ತಾತ ಇಂದು ಉಸಿರಾಡಿದ ಎಳೆಗಿಂತ, ಎಂಟು ವರ್ಷದ ಮೊಮ್ಮಗ ಉಸಿರಾಡಿದ ಎಳೆಗೆ ಮುಂದೆ ಸಿಗುವ ಸಮಯ ಹೆಚ್ಚು. 1960ರಲ್ಲಿ ದಕ್ಷಿಣ ಆಫ್ರಿಕದ ವೈದ್ಯ ವಿಜ್ಞಾನಿ ವ್ಯಾಗ್ನರ್ ಮತ್ತು ಅವರ ಸಂಗಡಿಗರು ಮೀಸೋಥೀಲಿಯೋಮ ಎಂಬ ಅಪರೂಪದ ಎದೆಯ ಕ್ಯಾನ್ಸರಿನ 33 ಪ್ರಕರಣಗಳನ್ನು ಪ್ರಕಟಿಸಿದರು. ಹೆಚ್ಚಿನ ರೋಗಿಗಳ ನಂಟು ಕಲ್ನಾರಿನ ಗಣಿಗಳ ಸೀಮೆಗೆ ಹೋಗಿ ನಿಂತಿತು. ಅವರೆಲ್ಲ ಗಣಿ ಕೆಲಸಗಾರರಾಗಿರಲಿಲ್ಲ. ಗಣಿಯಲ್ಲಿ ಒಂದು ದಿನವೂ ದುಡಿಯದೆ, ಬಾಲ್ಯದಲ್ಲಿ ಆ ಊರುಗಳಲ್ಲಿ ಬೆಳೆದಿದ್ದವರೂ ಅವರಲ್ಲಿದ್ದರು.

ನಮ್ಮ ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ, ಕಲ್ನಾರು ಕಾರ್ಖಾನೆಗಳ ಕೆಲಸಗಾರರ ಪರವಾಗಿ ತೀರ್ಪು ಕೊಡುತ್ತ ಕೆಲಸಗಾರರ ಆರೋಗ್ಯ ಬದುಕುವ ಹಕ್ಕಿನ ಭಾಗವೇ ಎಂದು ಹೇಳಿತು. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಕಲ್ನಾರಿಗೆ ನಿಷೇಧವಿದೆ. ನಮ್ಮಲ್ಲಿ ಛಾವಣಿಯ ಶೀಟುಗಳ ರೂಪದಲ್ಲಿ ಅದು ಇನ್ನೂ ಮಾರಾಟವಾಗುತ್ತಲೇ ಇದೆ.

ಕಪ್ಪು ಅಂಟಿನಲ್ಲಿ ಕಲ್ನಾರು ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ಹೇಳಲಾಗದು. ವಿಶೇಷ ಸೂಕ್ಷ್ಮದರ್ಶಕವಿರುವ ಪ್ರಯೋಗಾಲಯವೇ ಹೇಳಬೇಕು. ಪರೀಕ್ಷೆ ಆಗುವ ತನಕ ಇದೆಯೆಂದೇ ತಿಳಿಯುವುದು ಕ್ಷೇಮ. ಅಮೆರಿಕದ ನೆಲಹಾಸು ತಯಾರಕರ ಸಂಸ್ಥೆ ಇಂಥ ನೆಲದ ಬಗ್ಗೆ ಬೇಡಗಳ ಪಟ್ಟಿಯನ್ನೇ ಕೊಟ್ಟಿದೆ: ಉಪ್ಪು ಕಾಗದ ಬೇಡ, ಒಣ ಪೊರಕೆ ಬೇಡ, ಒಣದಾಗಿ ಹೆರೆಯುವುದು ಬೇಡ, ಕೊರೆಯುವುದು ಬೇಡ, ಯಂತ್ರದಿಂದ ಪುಡಿ ಮಾಡುವುದು ಬೇಡ. ಹಾಗಾದರೆ ಬೇಕಾದದ್ದು? ಎಷ್ಟೋ ಸಲ ಏನೂ ಮಾಡದಿರುವುದೇ. ಅಂಟು ನೆಲಕ್ಕೆ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು, ಮೇಲೆ ಅದಕ್ಕೆಂದೇ ತಯಾರಾದ ಲೇಪ ಹಾಕಿ ಮುಚ್ಚಿ, ಅಂಟಿಸದೆ ಹಾಸುವಂಥ ನೆಲಹಾಸನ್ನು ಅದರ ಮೇಲೆ ಕೂರಿಸಬಹುದು. ಮೊದಲು ಹೇಳಿದ ನಿಯಮಕ್ಕೆ ಇದೊಂದೇ ಅಪವಾದ. ತೆಗೆಯಲೇಬೇಕಾಗಿ ಬಂದರೆ ಸದಾ ಒದ್ದೆಯಾಗಿಟ್ಟು, ತರಬೇತಾದವರಿಂದಲೇ ಮಾಡಿಸಬೇಕು.

ಕಲ್ನಾರು ಇಲ್ಲದ ಕಡೆ ಗ್ರೈಂಡರ್ ಹಾಕಬಹುದಲ್ಲ ಎಂದು ಕೇಳಬಹುದು. "ಮಿಷಿನ್ ಹಾಕಿಬಿಡ್ತೀವಿ ಸಾರ್, ಒಂದು ದಿನದ ಕೆಲಸ" ಎಂದು ಮೇಸ್ತ್ರಿಗಳೂ ಹೇಳುತ್ತಾರೆ. ಆದರೆ ಅಂಟಿನ ಕೆಳಗೆ ಕಾಂಕ್ರೀಟ್ ಇದೆ, ಕಾಂಕ್ರೀಟಿನಲ್ಲಿ ಮರಳಿದೆ, ಮರಳೆಂದರೆ ಸಿಲಿಕ. ನುಣ್ಣನೆಯ ಸಿಲಿಕ ಧೂಳು ಶ್ವಾಸಕೋಶವನ್ನು ಕಲ್ಲಾಗಿಸುವ ಸಿಲಿಕೋಸಿಸ್ ರೋಗಕ್ಕೆ ಕಾರಣ. ಸ್ಲೇಟಿನ ಮೇಲೆ ಬಳಪ ಹಿಡಿದು ಅ ಆ ತಿದ್ದಿದ ಪಾಲಕರಿಗೆ ಒಂದು ಸಂಗತಿ ಗೊತ್ತಿರಲಿಕ್ಕಿಲ್ಲ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಕಲ್ಲು ಕೊಯ್ದು ಆ ಬಳಪಗಳನ್ನು ಮಾಡುತ್ತಿದ್ದ ಕೆಲಸಗಾರರಲ್ಲಿ ಈ ರೋಗ ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಂಡದ್ದನ್ನು ವೈದ್ಯಕೀಯ ಅಧ್ಯಯನಗಳು 1980ರ ದಶಕದಲ್ಲಿ ದಾಖಲಿಸಿದವು. ಒಂದು ದಿನ ನಮ್ಮ ಮನೆಯಲ್ಲಿ ಎದ್ದ ಧೂಳಿನಿಂದ ನಮಗೆ ಸಿಲಿಕೋಸಿಸ್ ಬಂದೀತೆಂದು ಹೆದರಬೇಕಿಲ್ಲ. ಆದರೆ ಗ್ರೈಂಡರ್ ಹಿಡಿದ ಹುಡುಗ ಇಂದು ನಮ್ಮ ಮನೆಯಲ್ಲಿ, ನಾಳೆ ಇನ್ನೊಂದು ಮನೆಯಲ್ಲಿ. ಮೂಗಿಗೆ ಕಟ್ಟಿದ ಟವೆಲ್ ಅವನನ್ನು ಕಾಪಾಡುವುದಿಲ್ಲ. ಅಪಾಯಕಾರಿ ಕಣಗಳು ಬಟ್ಟೆಯ ನೇಯ್ಗೆಯ ಕಂಡಿಗಳಿಗಿಂತ ಎಷ್ಟೋ ಸಣ್ಣವು.

ಇದಕ್ಕೆ ಉತ್ತರ ನಮ್ಮ ಹಳೆಯ ಮೊಸಾಯಿಕ್ ಪಾಲಿಷ್ ಮಾಡುವವರ ಬಳಿ ಇದೆ. ಅವರು ಯಂತ್ರ ಓಡಿಸುವಾಗ ನೆಲದ ತುಂಬ ನೀರು ನಿಲ್ಲಿಸಿರುತ್ತಾರೆ. ಮನೆಯೆಲ್ಲ ಬೂದು ಕೆಸರು, ಗೃಹಿಣಿಯರ ಗೊಣಗಾಟ, ಆದರೆ ಗಾಳಿಯಲ್ಲಿ ಒಂದು ಹುಂಡು ಧೂಳಿಲ್ಲ. ಯಂತ್ರವೇ ಬೇಕಾದರೆ ಈ ಒದ್ದೆ ವಿಧಾನವೇ ಇರಲಿ. ನೀರಿನ ನಡುವೆ ವಿದ್ಯುತ್ ಓಡುವುದರಿಂದ ಅರ್ತಿಂಗ್ ಸರಿಯಾಗಿದೆಯೇ, ವೈರಿಗೆ ಸುತ್ತಿದ ಟೇಪು ಹರಿದಿಲ್ಲವೇ ಎಂದು ಮೊದಲೇ ನೋಡಿಕೊಳ್ಳಬೇಕು. ಕೆಸರು ಒಣಗುವ ಮುನ್ನ ಬಾಚಿ ತೆಗೆಯಬೇಕು. ಒಣಗಿದರೆ ಅದೇ ಧೂಳು.

ಅಂಟು ಹೋದ ಮೇಲೆ ಅವಸರ ಮಾಡಬಾರದು. ದ್ರಾವಕವೋ ಎಣ್ಣೆಯೋ ಬಳಸಿದ್ದರೆ ಅದರ ಪಸೆ ನೆಲದ ರಂಧ್ರಗಳಲ್ಲಿ ಉಳಿದು ಹೊಸ ಅಂಟನ್ನೂ ಸಡಿಲಿಸುತ್ತದೆ. ಸೋಪಿನ ನೀರಿನಿಂದ, ಆಮೇಲೆ ಬರಿಯ ನೀರಿನಿಂದ ತೊಳೆದು ಒಣಗಿಸಬೇಕು. ಸಿಮೆಂಟ್ ನೆಲ ಶುದ್ಧವಾಗಿದೆಯೇ ಎಂದು ನೋಡುವ ಪರೀಕ್ಷೆ ಮತ್ತೆ ಕೆಸುವಿನ ಎಲೆಯದೇ. ಅಲ್ಲಲ್ಲಿ ಒಂದೊಂದು ಹನಿ ನೀರು ಬಿಟ್ಟು ನೋಡಬೇಕು. ಹನಿ ಮುತ್ತಿನಂತೆ ನಿಂತರೆ ಅಲ್ಲಿ ಇನ್ನೂ ಅಂಟು ಅಥವಾ ಎಣ್ಣೆ ಇದೆ. ಹರಡಿ ಇಂಗಿದರೆ ನೆಲ ಸಿದ್ಧ. ಆಮೇಲೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ 16 ಗಂಟೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ಬೆವರು ಹನಿಗಳು ಮೂಡಿದ್ದರೆ, ಅಥವಾ ಅದರಡಿಯ ನೆಲ ಕಪ್ಪಿಟ್ಟಿದ್ದರೆ ನೆಲದೊಳಗೆ ತೇವ ಇದೆ ಎಂದರ್ಥ. ಇವೆರಡನ್ನೂ ಮಕ್ಕಳಿಗೇ ವಹಿಸಿ, ಫಲಿತಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಬಹುದು.

ಕಿತ್ತ ವಿನೈಲನ್ನು ಖಾಲಿ ಸೈಟಿನಲ್ಲಿ ಹಾಕಿ ಬೆಂಕಿ ಇಡುವುದು ಬೇಡ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ, ಸುತ್ತ ನಿಂತು ನೋಡುವ ಮಕ್ಕಳ ಕಣ್ಣು ಗಂಟಲು ಉರಿಯುತ್ತದೆ. ದ್ರಾವಕ ಹಾಕಿ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ, ಹೊರಗೆ ನೆರಳಿನಲ್ಲಿ ಹರವಿ ಒಣಗಿಸಿ ಕಸಕ್ಕೆ ಕೊಡಬೇಕು. ಮಿಕ್ಕ ಥಿನ್ನರನ್ನು ಚರಂಡಿಗೆ ಸುರಿಯಬಾರದು. ಹೊಸ ಹಾಸು ಹಾಕಿದ ಮೇಲೆ ಎರಡು ಮೂರು ದಿನ ಕಿಟಕಿಗಳು ತೆರೆದಿರಲಿ. ಹೊಸ ಅಂಟಿನ ಡಬ್ಬಿ ಎಸೆಯುವ ಮುನ್ನ ಅದರ ಮೇಲಿನ ಹೆಸರು, ಯಾವ ಬಗೆಯದು, ಯಾವ ದಿನ ಬಳಿದದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಕಂದಾಯದ ರಸೀತಿಗಳ ಜತೆ ಇಟ್ಟರೆ, ಇನ್ನು ಹದಿನೈದು ವರ್ಷಕ್ಕೆ ಈ ನೆಲವನ್ನು ಕೀಳುವವರು ಬಿಸಿನೀರಿನ ಬಟ್ಟೆ ಹಿಡಿದು ಊಹೆ ಮಾಡುತ್ತ ಕೂರಬೇಕಾಗಿಲ್ಲ.